ನಿಘಂಟು ಮತ್ತು ತೂತು ಬೂಟು

ನಾನು ಮೊದಲ ಸಲ ಮನೆ ಬಿಟ್ಟು ನಡೆದದ್ದು ಏಳನೇ ಕ್ಲಾಸಿನ ಇಂಗ್ಲಿಷ್ ಪರೀಕ್ಷೆಯಿದ್ದ ಶುಕ್ರವಾರ. ಅಂದು ಚೀಲದಲ್ಲಿದ್ದ ದಪ್ಪ ಇಂಗ್ಲಿಷ್ ನಿಘಂಟು ಮೊನ್ನೆ ಮೊನ್ನೆಯವರೆಗೂ ನನ್ನ ಬೆನ್ನು ಬಿಟ್ಟಿರಲಿಲ್ಲ.

ಮೊನ್ನೆ ಒಂದು ಛತ್ರದಲ್ಲಿ ಅದು ನನ್ನ ಎಡಗಾಲಿನ ಬೂಟಿಗೆ ಹೇಳಿತು: "ಎಲೈ, ನಿನ್ನ ಅಟ್ಟೆಗೆ ತೂತು ಬಿದ್ದಿದೆ. ಯಜಮಾನ ನಿನ್ನನ್ನು ಇಲ್ಲೇ ಎಸೆದು ಹೋಗುತ್ತಾನೆ. ನನ್ನನ್ನು ಎಸೆಯುವವರಿಲ್ಲ. 'ಗೋ' ಎಂಬ ಒಂದೇ ಮಾತಿಗೆ ನನ್ನಲ್ಲಿ ಒಂದು ಹಾಳೆಯ ತುಂಬ ಅರ್ಥಗಳಿವೆ. ಹೋಗು, ಹೊರಡು, ತೆರಳು, ಸಾಗು, ಚಲಿಸು, ತೊಲಗು. ನಿನಗೆಷ್ಟು ಗೊತ್ತು?"

"ಒಂದೇ. ಬಲಗಾಲಿನವನ ಮುಂದೆ ಬೀಳುವುದು," ಎಂದಿತು ಬೂಟು. "ಅಷ್ಟು ಅರ್ಥ ಇಟ್ಟುಕೊಂಡು ತಾವು ಎಷ್ಟು ದೂರ ನಡೆದಿದ್ದೀರಿ, ಪಂಡಿತರೇ?"

"ಪಂಡಿತ ನಡೆಯುವುದಿಲ್ಲ. ಅವನನ್ನು ಹೊರುತ್ತಾರೆ."

"ಹೆಣವನ್ನೂ ಹೊರುತ್ತಾರೆ."

ಅಷ್ಟರಲ್ಲಿ ಛತ್ರ ನೋಡಿಕೊಳ್ಳುವ ಚೆನ್ನಿಗಪ್ಪ ಬಾಗಿಲಿಗೆ ಬಂದ. "ಮೂರು ದಿನ ಆಯ್ತಲ್ಲ ಸ್ವಾಮಿ, ಇನ್ನು ಜಾಗ ಖಾಲಿ ಮಾಡಿ," ಎಂದ. ಬೂಟು ಹೊಲಿಯುವವನು ಆ ಊರಿಗೆ ಬರುವುದು ಸಂತೆಯ ದಿನ ಮಾತ್ರ. ಸಂತೆಗೆ ಇನ್ನೂ ನಾಲ್ಕು ದಿನವಿತ್ತು. ನಾನು ಬೂಟನ್ನು ಎತ್ತಿ ತೂತಿನಲ್ಲಿ ಬೆರಳಾಡಿಸಿದೆ. ನಿಘಂಟು ಕಿಸಕ್ಕನೆ ನಕ್ಕಿತು.

ಆಮೇಲೆ ನಿಘಂಟನ್ನು ಬಿಡಿಸಿ, 'ಗೋ' ಇದ್ದ ಹಾಳೆಯನ್ನು ಹರಿದು, ನಾಲ್ಕು ಮಡಿಕೆ ಮಾಡಿ ಬೂಟಿನೊಳಗೆ ತುರುಕಿದೆ.

"ಬನ್ನಿ ಪಂಡಿತರೇ," ಎಂದಿತು ಬೂಟು. "ಮುಂದಿನ ಊರು ಹನ್ನೆರಡು ಮೈಲಿ. ಅಷ್ಟರಲ್ಲಿ ತಮಗೆ ಒಂದು ಅರ್ಥವಾದರೂ ಬರುತ್ತದೆ."

ಉಳಿದ ನಿಘಂಟನ್ನು ಚೆನ್ನಿಗಪ್ಪನಿಗೆ ಕೊಟ್ಟೆ. ಅವನು ಅದನ್ನು ತನ್ನ ಕಿಟಕಿ ಬಡಿಯದಂತೆ ಒತ್ತು ಕೊಟ್ಟು ನಿಲ್ಲಿಸಿದ. ನಾನು ಚೀಲ ಕಟ್ಟತೊಡಗಿದೆ. ಅದು ಬಹಳ ಹಗುರವಾಗಿತ್ತು.