ಕೆಂಚಮ್ಮ ಕುಟ್ಟಿದ ಸಾರಿನ ಪುಡಿ

ಒಂದಾನೊಂದು ಕಾಲ ಮಗಾ, ನಮ್ಮಜ್ಜಿಗೂ ಇನ್ನೂ ಹಾಲುಹಲ್ಲು ಮೂಡದ ಕಾಲ, ಆವಾಗ ಒಂದೂರಲ್ಲಿ ಒಂದು ನೇಕಾರರ ಮನೆ ಇತ್ತಂತೆ. ಯಜಮಾನ ಬೊಮ್ಮಯ್ಯ, ಅವನಿಗೆ ಮೂರು ಗಂಡುಮಕ್ಕಳು, ಮೂರು ಜನ ಸೊಸೇರು. ಅವನ ಹೆಂಡತಿ ಪುಟ್ಟತಾಯಿ ಕುಟ್ಟಿದ ಸಾರಿನ ಪುಡಿ ಅಂದ್ರೆ ಅಂತಿಂಥದ್ದಲ್ಲ, ಅವಳ ಸಾರು ಒಂದು ಕುದಿ ಬಂದ್ರೆ ಬೀದಿ ಕೊನೇಲಿ ಮಗ್ಗದ ಮುಂದೆ ಕೂತೋರೂ ಲಾಳಿ ನಿಲ್ಲಿಸಿ ಮೂಗೆತ್ತೋರಂತೆ.

ಆಮೇಲೆ ಒಂದು ದಿನ ಪುಟ್ಟತಾಯಿ ತೀರ್ಕೊಂಡ್ಳು. ಅವಳು ಕುಟ್ಟಿಟ್ಟ ಪುಡಿ ಭರಣೀಲಿ ಇರೋತನಕ ಮುದುಕ ಹೇಗೋ ಉಂಡ, ಭರಣಿ ತಳ ಕಂಡ ದಿನ ತಟ್ಟೆ ಮುಂದೆ ಕೂತೋನು, ಬೇಡ ಕಣ್ರವ್ವಾ ಅಂತ ಎದ್ದೇಬಿಟ್ಟನಂತೆ. ಎಂಟು ದಿನ ಬರೀ ಮಜ್ಜಿಗೆ. ಕಣ್ಣು ಗುಳಿ ಬಿತ್ತು, ಮಗ್ಗದ ಗುಂಡಿಗೆ ಇಳಿಯೋಕೂ ತ್ರಾಣ ಇಲ್ಲ. ಹೀಗೇ ಆದ್ರೆ ಅಪ್ಪಯ್ಯ ಉಳಿಯಲ್ಲ ಅಂತ ಮೂರು ಜನ ಮಕ್ಕಳೂ ಜಗಲಿ ಮೇಲೆ ಕೂತು ಅತ್ರಂತೆ.

ಆಮೇಲೆ ಹಿರೀಸೊಸೆ ಸೆರಗು ಕಟ್ಟಿದ್ಳು. ಅವಳದು ಕೈ ಧಾರಾಳ ನೋಡು, ಇದ್ದಬದ್ದ ಒಣಮೆಣಸಿನಕಾಯಿ ಎಲ್ಲ ಹುರಿದು, ಚಕ್ಕೆ ಲವಂಗ ಬೊಗಸೆಗಟ್ಲೆ ಹಾಕಿ, ತುಪ್ಪದ ಒಗ್ಗರಣೆ ಕೊಟ್ಟು ಬಡಿಸಿದ್ಳು. ಮುದುಕ ಒಂದು ತುತ್ತು ಬಾಯಿಗಿಟ್ಟು, ಯಾರದೋ ಮದುವೆಗೆ ಹೋದಂಗಾಯ್ತು ಕಣವ್ವ ಅಂದು ತಟ್ಟೆ ಸರಿಸಿದನಂತೆ.

ಆಮೇಲೆ ನಡುವಿನ ಸೊಸೆ. ಇವಳು ಜಾಣೆ, ಅತ್ತೆ ಅಳೀತಿದ್ದ ತೆಂಗಿನ ಚಿಪ್ಪು ಹುಡುಕಿ, ಅತ್ತೆಯ ತಂಗಿ ಹತ್ರ ಅಳತೆ ಕೇಳ್ಕೊಂಡು ಬಂದು, ಮೆಣಸಿನಕಾಯಿ ಪಕ್ಕದ ಮನೇಲಿ ಕಡ ತಂದು, ಮನೇಲಿದ್ದ ಕೊತ್ತಂಬರಿ ಬೀಜ, ಇಂಗು, ಹುಣಸೆಹಣ್ಣು ಪೂರ್ತಿ ಸುರಿದು, ಅತ್ತೆ ಮಾಡಿದ್ದೇ ಅನ್ನೋ ಹಾಗೆ ಸಾರು ಮಾಡಿದ್ಳು. ಮುದುಕ ಒಂದು ಗುಟುಕು ಕುಡಿದ. ತಲೆ ಎತ್ತಿ ಒಲೆ ಕಡೆ ನೋಡಿದ. ಆಮೇಲೆ ಕೈ ತೊಳೆದು ಗೋಡೆ ಕಡೆ ತಿರುಗಿ ಮಲಗಿದೋನು ಆವತ್ತು ಮಜ್ಜಿಗೇನೂ ಮುಟ್ಟಲಿಲ್ಲವಂತೆ.

ಹೂಂ ಅನ್ನು ಮಗಾ, ನಿದ್ದೆ ಬಂತಾ? ಇನ್ನು ಕಿರೀಸೊಸೆ ಕೆಂಚಮ್ಮನ ಸರದಿ. ಅವಳು ಹೋಗಿ ನೋಡ್ತಾಳೆ, ಮಸಾಲೆ ಪೆಟ್ಟಿಗೇಲಿ ಜೀರಿಗೆ ಬಿಟ್ರೆ ಏನೂ ಇಲ್ಲ. ಅಕ್ಕಂದಿರಿಬ್ಬರೂ ಸೇರಿ ಗುಡಿಸಿ ಸಾರಿಸಿಟ್ಟಿದ್ರು. ಸಂತೆಗೆ ಇನ್ನೂ ನಾಲ್ಕು ದಿನ, ಮಾವ ಅಲ್ಲೀತನಕ ತಡೀತಾನೋ ಇಲ್ವೋ. ಆದ್ರೆ ಅವಳು ಬಡವರ ಮನೆ ಹುಡುಗಿ, ಅವಳ ತವರಲ್ಲಿ ಎಲ್ಲ ಸಾಮಾನೂ ಒಟ್ಟಿಗೆ ಇದ್ದ ದಿನವೇ ಇಲ್ಲ. ಅವಳವ್ವ ಹೇಳೋಳಂತೆ, ಇಲ್ಲದ್ದರ ಹೆಸರು ಕೂಗಬೇಡ, ಅದು ಮಾಡ್ತಿದ್ದ ಕೆಲಸ ಯಾವುದು ಮಾಡುತ್ತೆ ಅದನ್ನ ಹುಡುಕು ಅಂತ.

ಸರಿ, ಹುಳಿ ಬೇಕಲ್ಲ, ಹುಣಸೆಹಣ್ಣಿಲ್ಲ, ಹಿತ್ತಿಲ ಮರದ ಹುಣಸೆ ಚಿಗುರು ಬಿಡಿಸ್ಕೊಂಡ್ಳು. ಖಾರ ಬೇಕಲ್ಲ, ಕಷಾಯಕ್ಕೆ ಅಂತ ತವರಿಂದ ತಂದಿದ್ದ ಕಾಳುಮೆಣಸಿನ ಗಂಟು ಬಿಚ್ಚಿದ್ಳು. ಘಮ ಬೇಕಲ್ಲ, ಕರಿಬೇವು ಗರಿಗರಿ ಹುರಿದು, ಜೀರಿಗೆ ಸೇರಿಸಿ, ಇಂಗಿನ ಜಾಗಕ್ಕೆ ಬೆಳ್ಳುಳ್ಳಿ ಜಜ್ಜಿ, ಕೊತ್ತಂಬರಿ ಬದಲು ಸಾರು ಮಂದ ಬರಲಿ ಅಂತ ಒಂದು ಹಿಡಿ ಹುರುಳಿ ಕೆಂಪಗೆ ಹುರಿದು ಕುಟ್ಟಿದ್ಳು. ಎಂಥಾ ಕೈ ನೋಡು ಅವಳದು. ನಾನಾಗಿದ್ರೆ ಪೆಟ್ಟಿಗೆ ಮುಂದೆ ಕೂತು ಅಳ್ತಿದ್ದೆ.

ಅಕ್ಕಂದಿರು ಬಾಯಿ ಬಡ್ಕೊಂಡ್ರಂತೆ, ಅಯ್ಯೋ ಕೊತ್ತಂಬರಿ ಇಲ್ಲದ ಪುಡೀನಾ, ಇದನ್ನ ಮಾವನಿಗೆ ಇಡ್ತೀಯಾ, ಇರೋ ಜೀವಾನೂ ಹೋಗುತ್ತೆ. ಇವಳು ಬಿಸಿ ಮುದ್ದೆ ಇಟ್ಟು, ಸಾರು ಬಿಟ್ಟು, ಮಾವಯ್ಯ, ಇದು ಅತ್ತೆ ಪುಡಿ ಅಲ್ಲ, ಮನೇಲಿ ಇದ್ದದ್ದರಲ್ಲಿ ನಾನೇ ಕುಟ್ಟಿದ್ದು ಅಂತ ಇದ್ದದ್ದು ಇದ್ದಂಗೆ ಹೇಳಿದ್ಳು.

ಮುದುಕ ಒಂದು ತುತ್ತು ನುಂಗಿದ. ಇನ್ನೊಂದು ನುಂಗಿದ. ಕಾಳುಮೆಣಸು ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು, ಅದರ ಹಿಂದೇನೇ ನಿಜವಾದ ಅಳೂನೂ ಬಂತಂತೆ. ಹೆಂಡತಿ ತೀರ್ಕೊಂಡಾಗಿಂದ ಅಳದೇ ಇದ್ದ ಮನುಷ್ಯ ಗಳಗಳ ಅತ್ತ, ಅಳ್ತಾ ಅಳ್ತಾ ಮುದ್ದೆ ಮುರಿದ. ನಡುವಿನವಳಿಗೆ ತಡೀಲಿಲ್ಲ, ನಾನು ಥೇಟ್ ಅತ್ತೆ ಥರಾನೇ ಮಾಡಿದ್ನಲ್ಲ ಮಾವಯ್ಯ, ಅದನ್ನ ಬಿಟ್ರಿ, ಇದನ್ನ ಉಣ್ತೀರಾ ಅಂತ ಕೇಳೇಬಿಟ್ಳು.

ಬೊಮ್ಮಯ್ಯ ಕಣ್ಣೊರೆಸ್ಕೊಂಡು ಹೇಳಿದನಂತೆ, ನೀನು ಮಾಡಿದ್ದು ಅವಳದೇ ರುಚಿ ಕಣವ್ವ, ಬಾಯಿಗಿಟ್ಟ ತಕ್ಷಣ ತಲೆ ಎತ್ತಿ ನೋಡಿದೆ, ಒಲೆ ಮುಂದೆ ಅವಳಿರಲಿಲ್ಲ. ಇದನ್ನ ಉಂಡು ತಲೆ ಎತ್ತಿದ್ರೆ ಮಾಡಿದೋಳು ಇಲ್ಲೇ ನಿಂತಿದ್ದಾಳೆ. ಇನ್ನೊಂದು ಸೌಟು ಬಿಡವ್ವ ಕೆಂಚಮ್ಮ.

ಆಮೇಲೆ ಮುದುಕ ಮಗ್ಗಕ್ಕಿಳಿದ, ಮಕ್ಕಳು ನಕ್ಕರು, ಅಕ್ಕಂದಿರು ಕೆಂಚಮ್ಮನ ಪಕ್ಕ ಕೂತು ಹುರುಳಿ ಹುರಿಯೋದು ಕಲಿತರಂತೆ. ಅವರು ಅಲ್ಲಿ ಉಂಡು ಮಲಗಿದ್ರು, ನೀನು ಇಲ್ಲಿ ಉಂಡು ಮಲಗಿದೆ, ಕತೇನೂ ಮುಗೀತು, ಕಣ್ಣು ಮುಚ್ಚು ಮಗಾ.