ಗೋಡೆಯೊಳಗಿನ ತಮಟೆ

"ಗುರುಗಳೇ, ನಮ್ಮ ಮನೆಯ ನ್ಯಾಯವನ್ನು ನಾವೇ ನೋಡಿಕೊಳ್ಳಬೇಕಲ್ಲವೇ? ಹೊರಗಿನವರು ಬಂದು ಇದು ಸರಿಯಿಲ್ಲ, ಅದು ಸರಿಯಿಲ್ಲ ಎಂದರೆ ಕೈಕಟ್ಟಿ ಕೇಳಿಸಿಕೊಳ್ಳುವುದು ಅವಮಾನವಲ್ಲವೇ?" ಎಂದು ಶಿಷ್ಯನು ಕೇಳಿದನು.

"ಅವಮಾನದ ಮಾತು ಆಮೇಲೆ ಆಡೋಣ. ಮೊದಲು ಬೀರಮ್ಮನ ಕತೆ ಕೇಳು" ಎಂದು ಗುರುಗಳು ಶುರು ಮಾಡಿದರು.

ಹೊಳೆ ಸಮುದ್ರ ಸೇರುವಲ್ಲಿ ಒಂದು ಉಪ್ಪಿನ ಊರು. ಅಲ್ಲೊಬ್ಬ ಅಂಬಿಗನಿದ್ದನು. ಅವನ ಹೆಂಡತಿ ಬೀರಮ್ಮ. ಅಂಬಿಗನಿಗೆ ಒಂದು ಕೆಟ್ಟ ಚಾಳಿ, ಕಂಡದ್ದನ್ನು ಕಂಡ ಹಾಗೇ ಹೇಳಿಬಿಡುವುದು. ಒಂದು ದಿನ ಸಂತೆಯಲ್ಲಿ ಕಾವಲಿನವರು ಮೀನಿನವಳ ಬುಟ್ಟಿಯನ್ನು ಕೇಳದೆ ಎತ್ತಿಕೊಂಡು ಹೋದರು. ಸಂತೆಗೆ ಸಂತೆಯೇ ತನ್ನ ಕಾಲಬೆರಳು ನೋಡಿಕೊಂಡಿತು. ಅಂಬಿಗನು ಮಾತ್ರ, "ಇದು ಕಳವು" ಎಂದನು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಸಂಜೆಯೊಳಗೆ ಅವನು ಬಂದೀಖಾನೆಯಲ್ಲಿದ್ದನು.

ಆ ಊರಿಗೆ ಒಂದು ಒಳ್ಳೆಯ ನೇಮವಿತ್ತು. ಯಾರನ್ನು ಹಿಡಿದು ಒಳಗಿಟ್ಟರೂ ಅಂದೇ ತಮಟೆ ಬಡಿದು ಅವನ ಹೆಸರು ಸಾರಬೇಕು. ಕೇಳಿದವರು ನ್ಯಾಯದ ಕಟ್ಟೆಗೆ ಬಂದು ಅವನ ಪರವಾಗಿ ಮಾತಾಡಬಹುದು. ಗಡುವಿನೊಳಗೆ ಯಾರೂ ಬಾರದಿದ್ದರೆ, ಮುಂದಿನ ದೊಡ್ಡ ಉಬ್ಬರಕ್ಕೆ ಅವನನ್ನು ದೋಣಿ ಹತ್ತಿಸಿ ನಡುಗಡ್ಡೆಯ ಉಪ್ಪಿನ ಗದ್ದೆಗೆ ಕಳಿಸುವುದು. ಅಲ್ಲಿಗೆ ಹೋದವರು ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ.

ಹಿರಿಯರು ತಲೆ ಓಡಿಸಿ ಮಾಡಿದ ನೇಮವದು. ಆದರೆ ಒಂದು ಮಳೆಗಾಲದಲ್ಲಿ ತಮಟೆಯ ಚರ್ಮ ನೆನೆದು ಮೆತ್ತಗಾಯಿತು. ಕಾವಲಿನ ಮುಖ್ಯಸ್ಥನು, "ಒಳಗೆ ಬಂದು ಬಡಿಯಪ್ಪ, ಸೂರಿದೆ" ಎಂದನು. ತಮಟೆಯವನು ಬಂದೀಖಾನೆಯ ಒಳಕ್ಕೆ ಹೋಗಿ ಬಡಿದನು. ಮಳೆಗಾಲ ಮುಗಿಯಿತು, ತಮಟೆ ಹೊರಗೆ ಬರಲಿಲ್ಲ. ಅವನಿಗೆ ಊಟವೂ ಅಲ್ಲೇ ಸಿಗುತ್ತಿತ್ತು, ಯಾಕೆ ಬರುತ್ತಾನೆ? ಹೆಸರು ಸಾರುತ್ತಿದ್ದುದು ನಿಜ, ಕೇಳುತ್ತಿದ್ದುದು ಮಾತ್ರ ಮಾರುದ್ದ ದಪ್ಪದ ಕಲ್ಲುಗೋಡೆ. ಇನ್ನು ಊರಿನವರೋ! ತಮಟೆಯ ಸದ್ದಿಲ್ಲದ್ದನ್ನು ನೋಡಿ, "ಆಹಾ, ನಮ್ಮಲ್ಲಿ ಈಗ ಯಾರನ್ನೂ ಹಿಡಿಯುವುದೇ ಇಲ್ಲ, ಎಂಥ ಪುಣ್ಯದ ಊರು" ಎಂದು ಹಿಗ್ಗಿಕೊಂಡು ಓಡಾಡಿದರು.

ಗಂಡ ಮನೆಗೆ ಬಾರದಿದ್ದಾಗ ಬೀರಮ್ಮ ಹೊಳೆಯ ದಂಡೆಯೆಲ್ಲ ಹುಡುಕಿದಳು. ದೋಣಿ ಮಗುಚಿತೇನೋ ಎಂದು ಅತ್ತಳು. ಕೊನೆಗೆ ಯಾರೋ ಪಿಸುಗುಟ್ಟಿದ್ದನ್ನು ಕೇಳಿ ಬಂದೀಖಾನೆಗೆ ಓಡಿದಳು. ಬಾಗಿಲ ಕಾವಲಿನವನು, "ಹೆಸರು ಸಾರಿದ್ದಾಯಿತು, ಯಾರೂ ಬರಲಿಲ್ಲ, ಗಡುವು ಮುಗಿಯಿತು. ಇನ್ನು ಉಬ್ಬರಕ್ಕೆ ದೋಣಿ" ಎಂದನು.

ಪಾಪ, ಅವಳು ಅವನನ್ನು ಬಯ್ಯಲಿಲ್ಲ, ತನ್ನನ್ನೇ ಬಯ್ದುಕೊಂಡಳು. ನೇಮದವರು ಸುಳ್ಳು ಹೇಳಿಯಾರೇ? ತಮಟೆ ಬಡಿದಾಗ ನಾನೇ ಭತ್ತ ಕುಟ್ಟುತ್ತಿದ್ದೆನೇನೋ, ನನ್ನ ಒನಕೆಯ ಸದ್ದೇ ನನ್ನ ಗಂಡನನ್ನು ತಿಂದಿತೇನೋ ಎಂದು ಬಂದೀಖಾನೆಯ ಎದುರು ಕುಳಿತು ಬಿಕ್ಕಿದಳು.

ಆ ಹೊಳೆಯ ದಂಡೆಯ ಊರುಗಳಿಗೆಲ್ಲ ಒಂದು ಪದ್ಧತಿಯಿತ್ತು. ಸುಗ್ಗಿ ಮುಗಿದ ಮೇಲೆ ಒಂದೂರಿನವರು ಇನ್ನೊಂದೂರಿಗೆ ಒಬ್ಬರನ್ನು ನೆಂಟರಾಗಿ ಕಳಿಸುವುದು. ನೆಂಟರು ಊರೆಲ್ಲ ಸುತ್ತಬೇಕು, ಹೊರಡುವ ದಿನ ಕಟ್ಟೆಯ ಮೇಲೆ ಕುಳಿತು ಕಂಡದ್ದನ್ನು ಹೇಳಬೇಕು. ಉಪ್ಪಿನ ಊರಿನವರು ಜಾಣರು. ಬಂದ ನೆಂಟರ ಬಾಯಿಗೆ ಬಿಡುವಿಲ್ಲದೆ ಕಡುಬು ತುರುಕಿ ಕಳಿಸುತ್ತಿದ್ದರು. ಬಾಯಿ ತುಂಬ ಕಡುಬಿದ್ದರೆ ಮಾತು ಎಲ್ಲಿಂದ ಬರಬೇಕು!

ಆ ವರ್ಷ ಮೇಲೂರಿನಿಂದ ಬಂದವಳು ಗಾಣ ನಡೆಸುವ ಒಬ್ಬ ಅಜ್ಜಿ. ಅವಳಿಗೆ ಹಲ್ಲಿರಲಿಲ್ಲ, ಕಡುಬು ಹೆಚ್ಚು ಇಳಿಯಲಿಲ್ಲ. ಹಾಗಾಗಿ ಊರು ಸುತ್ತಿದಳು. ಬೀರಮ್ಮ ಅಳುವುದನ್ನು ಕಂಡು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ನಿನ್ನ ಕಿವಿ ಚೆನ್ನಾಗಿದೆ ಮಗಳೇ. ನಿನ್ನ ಗಂಡನನ್ನು ಹಿಡಿಯುವ ಮುಂಚೆಯೇ ನಾನು ಈ ಊರಿಗೆ ಬಂದಿದ್ದೆ, ನನಗೂ ತಮಟೆ ಕೇಳಿಸಿಲ್ಲ" ಎಂದಳು. ಅಷ್ಟು ದಿನದಲ್ಲಿ ಬೀರಮ್ಮ ಸರಿಯಾಗಿ ಉಸಿರಾಡಿದ್ದು ಆಗಲೇ.

ಮರುದಿನ ಅಜ್ಜಿ ಕಟ್ಟೆಯ ಮೇಲೆ ಆ ಮಾತನ್ನೇ ಹೇಳಿದಳು. ಊರ ಹಿರಿಯನಿಗೆ ಮೂಗಿನ ತುದಿಗೆ ಸಿಟ್ಟು ಬಂತು. "ನಮ್ಮ ತಮಟೆ ತಪ್ಪದೆ ಬಡಿಯುತ್ತದಮ್ಮ. ನಮ್ಮ ನೇಮ ನಿಮಗೇನು ಗೊತ್ತು?" ಎಂದನು.

"ಹಾಗಾದರೆ ಈಗ ಬಡಿಸಿ. ಎಲ್ಲರೂ ಇಲ್ಲೇ ಕುಳಿತು ಕೇಳೋಣ" ಎಂದಳು ಅಜ್ಜಿ.

ಹಿರಿಯನು ಹೇಳಿಕಳಿಸಿದನು. ಊರೇ ಕಿವಿಗೊಟ್ಟು ಕುಳಿತಿತು. ಕಾಗೆ ಕೂಗಿದ್ದು ಕೇಳಿಸಿತು. ಯಾರದೋ ಮನೆಯ ಮಗು ಅತ್ತದ್ದು ಕೇಳಿಸಿತು. ತಮಟೆ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ತಮಟೆಯವನೇ ಬೆವರು ಒರೆಸಿಕೊಳ್ಳುತ್ತ ಬಂದು, "ಕೈಗೆ ಬೊಬ್ಬೆ ಬಂತು ಸ್ವಾಮಿ, ಸಾಕೇ?" ಎಂದನು.

ಯಾರೂ ನಗಲಿಲ್ಲ. ಹಿರಿಯನ ಮುಖ ಇಳಿದುಹೋಯಿತು. ಅವನು ಕೆಟ್ಟವನಲ್ಲ, ಕೇಳಿಸಿಕೊಂಡಿರಲಿಲ್ಲ ಅಷ್ಟೆ. ಅಜ್ಜಿ ಅವನನ್ನು ಹಂಗಿಸಲಿಲ್ಲ. "ನಮ್ಮೂರಲ್ಲಿ ಮೊದಲು ತಮಟೆಯೇ ಇರಲಿಲ್ಲಪ್ಪ. ನಾನು ಹುಡುಗಿಯಾಗಿದ್ದಾಗ ನಿಮ್ಮೂರಿನ ನೆಂಟನೊಬ್ಬ ಬಂದು, ಒಳಗಿಟ್ಟವರ ಹೆಸರು ನಿಮಗೆ ಹೇಗೆ ತಿಳಿಯುತ್ತದೆ ಎಂದು ಕೇಳಿದ. ನಾವು ಬಾಯಿ ಬಾಯಿ ಬಿಟ್ಟೆವು. ತಮಟೆಗೆ ಚರ್ಮ ಬಿಗಿಯುವುದನ್ನೂ ಅವನೇ ಕಲಿಸಿಹೋದ. ನೀವು ಕೊಟ್ಟದ್ದನ್ನೇ ನೆನಪು ಮಾಡಲು ಬಂದೆ" ಎಂದಳು.

ಹಿರಿಯನು ಎದ್ದನು. ಯಾರಿಗೂ ಹೇಳದೆ ತಾನೇ ಬಂದೀಖಾನೆಗೆ ನಡೆದು, ತಮಟೆಯನ್ನು ಹೆಗಲಿಗೇರಿಸಿಕೊಂಡು ಸಂತೆಯ ನಡುವೆ ತಂದಿಟ್ಟನು. ಗಡುವು ಇಂದಿನಿಂದ ಹೊಸದಾಗಿ ಶುರು ಎಂದನು. ತಮಟೆ ಬಡಿಯಿತು. ಬಂದದ್ದು ಅಂಬಿಗನ ಹೆಸರೊಂದೇ ಅಲ್ಲ. ಹೆಸರಿನ ಮೇಲೆ ಹೆಸರು. ಒಂದೊಂದು ಹೆಸರಿಗೂ ಒಂದೊಂದು ಕೇರಿಯಿಂದ, "ಅಯ್ಯೋ, ನಮ್ಮವನು!" ಎಂದು ಜನ ಓಡಿ ಬಂದರು. ಬೀರಮ್ಮ ಗಂಡನ ಪರವಾಗಿ ಮಾತಾಡಿದಳು. ಮೀನಿನವಳು ಮಾತಾಡಿದಳು. ಅಂದು ಕಾಲಬೆರಳು ನೋಡಿಕೊಂಡವರೂ ಈಗ ತಲೆಯೆತ್ತಿ ಮಾತಾಡಿದರು. ಹಿರಿಯನು ನ್ಯಾಯ ಹೇಳಿ ಬಂದೀಖಾನೆಯ ಅಗುಳಿ ತೆಗೆಸಿದನು. ತಮಟೆಯವನಿಗೆ ಇನ್ನು ಕಾವಲಿನವರ ಅನ್ನ ಬೇಡ, ಕೇರಿಗಳು ಸರದಿಯ ಮೇಲೆ ಉಣ್ಣಿಸಲಿ ಎಂದು ಕಟ್ಟಳೆ ಮಾಡಿದನು. ದೊಡ್ಡ ಉಬ್ಬರ ಬಂದಾಗ ದೋಣಿ ಬರಿದಾಗಿ ದಡದಲ್ಲಿ ತೂಗುತ್ತಿತ್ತು. ಅಂಬಿಗನು ಮನೆಯಲ್ಲಿ ಗಂಜಿ ಕುಡಿಯುತ್ತಿದ್ದನು.

ಬೀರಮ್ಮ ಅಜ್ಜಿಯ ಕಾಲು ಹಿಡಿದುಕೊಂಡಳು. "ನನ್ನ ತಾಳಿ ಉಳಿಸಿದೆಯಮ್ಮ. ನಿನ್ನ ಋಣ ಹೇಗೆ ತೀರಿಸಲಿ?" ಎಂದಳು.

ಅಜ್ಜಿ ಅವಳನ್ನು ಎತ್ತಿ, "ಅಗುಳಿ ತೆಗೆಸಿದವನು ನಿಮ್ಮ ಹಿರಿಯ, ಅವನಿಗೆ ಕೈಮುಗಿ. ನನಗೇನಾದರೂ ಕೊಡಲೇಬೇಕು ಎಂದರೆ ಮುಂದಿನ ಸುಗ್ಗಿಗೆ ನಮ್ಮೂರಿಗೆ ನೆಂಟಳಾಗಿ ಬಾ. ಕಣ್ಣು ಕಿವಿ ತೆರೆದುಕೊಂಡು ಬಾ" ಎಂದಳು.

ಊರು ಒಪ್ಪಿತು, ಬೀರಮ್ಮ ಹೋದಳು. ಮೇಲೂರಿನವರು ಅವಳನ್ನು ಮಗಳ ಹಾಗೆ ನೋಡಿಕೊಂಡರು. ಅಲ್ಲಿ ತಮಟೆ ಸಂತೆಯ ನಡುವೆಯೇ ಬಡಿಯುತ್ತಿತ್ತು. ಹೊರಡುವ ದಿನ ಅವಳು ಕಟ್ಟೆಯ ಮೇಲೆ ಕುಳಿತಳು. ಉಪಕಾರ ಮಾಡಿದವರ ಊರು, ಹೇಗೆ ಹೇಳುವುದು? ಆದರೂ ಹೇಳಿದಳು. "ನಿಮ್ಮ ತಮಟೆ ಸಂತೆಗೆ ಕೇಳುತ್ತದೆ. ಹಳ್ಳದಾಚೆಯ ಹೊರಗೇರಿಗೆ ಕೇಳುವುದಿಲ್ಲ. ನಾನು ಅಲ್ಲಿಗೆ ಹೋಗಿ ನಿಂತು ನೋಡಿದೆ. ಒಳಗಿರುವವರಲ್ಲಿ ಆ ಕೇರಿಯವರೇ ಹೆಚ್ಚು."

ಗಾಣದ ಅಜ್ಜಿ ಬಹಳ ಹೊತ್ತು ನೆಲ ನೋಡಿದಳು. ಅವಳು ಹುಟ್ಟಿ ಬೆಳೆದ ಊರದು. ಹಳ್ಳ ದಾಟಿ ನಿಂತು ಕೇಳಬೇಕೆಂದು ಅವಳಿಗೆ ಒಮ್ಮೆಯೂ ತೋಚಿರಲಿಲ್ಲ. ಆಮೇಲೆ ಎದ್ದು ಮನೆಗೆ ಹೋಗಿ, ತಾನೇ ಹೋಳಿಗೆ ಬೇಯಿಸಿ, ಬೀರಮ್ಮನನ್ನು ಎದುರಿಗೆ ಕೂರಿಸಿಕೊಂಡು ಬಡಿಸಿದಳು. ಬಡಿಸುವಾಗ ಅವಳ ಕಣ್ಣಲ್ಲಿ ನೀರಿತ್ತು. ತುಪ್ಪವನ್ನು ಮಾತ್ರ ಧಾರಾಳವಾಗಿ ಸುರಿದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನು ತಡೆಯಲಾರದೆ, "ಇದೇನು ಗುರುಗಳೇ! ಊರಿನವರ ಎದುರಿಗೆ ತಪ್ಪು ಎತ್ತಿ ತೋರಿಸಿದವಳಿಗೆ ಹೋಳಿಗೆಯೇ?" ಎಂದನು.

ಗುರುಗಳು ಹೇಳಿದರು: "ಮಗು, ನಿನ್ನ ಬೆನ್ನನ್ನು ನೀನು ಎಂದಾದರೂ ಕಂಡಿದ್ದೀಯಾ?"

ಶಿಷ್ಯನು ಮೆಲ್ಲಗೆ ಕತ್ತು ತಿರುಗಿಸಿ ತನ್ನ ಬೆನ್ನ ಕಡೆ ನೋಡಲು ಹೊರಟನು.