ಕಣ್ಣು ನೋಡುವ ದಂಡು

ಏಳು ಹಳ್ಳದಾಚೆ ಒಂದು ಊರಿತ್ತಂತೆ. ಆ ಊರಿಗೆ ಭಂಗಿಸೊಪ್ಪಿನ ಚಟ ಅಂಟಿತ್ತಂತೆ. ಸಾತವ್ವ ಎಂಬುವಳ ತಮ್ಮ ಚಿಲುಮೆ ಸೇದಿ ಸೇದಿ, ಮದುವೆ ನಿಶ್ಚಯವಾದ ತಿಂಗಳಲ್ಲೇ ಸತ್ತುಹೋದನಂತೆ. ಅವಳು ಅತ್ತಳು, ಸಿಟ್ಟಾದಳು, ಗರಡಿಮನೆಗೆ ಹೋಗಿ ಪೈಲ್ವಾನ ಬಸಲಿಂಗನ ಮುಂದೆ ಸೆರಗೊಡ್ಡಿದಳು. ಇಷ್ಟು ಮೈ ಬೆಳೆಸಿದ್ದೀರಿ, ಊರನ್ನಾದರೂ ಕಾಯಿರಿ ಅಂದಳು.

ಬಸಲಿಂಗ ಏಳು ಜನರ ದಂಡು ಕಟ್ಟಿದ. ಮೊದಲ ವಾರ ಭಂಗಿ ಮಾರುವವನನ್ನು ಹೊಡೆದು ಓಡಿಸಿದರು. ಊರು ಆರತಿ ಎತ್ತಿತು, ಸಾತವ್ವನೂ ಎತ್ತಿದಳು. ಎರಡನೆಯ ವಾರ ಸೇದುವವರನ್ನು ಹೊಡೆದರು, ಅವರೂ ಬಿಟ್ಟರು. ಮೂರನೆಯ ವಾರ ಹೊಡೆಯಲು ಯಾರೂ ಉಳಿಯಲಿಲ್ಲ. ಆರತಿಯ ರುಚಿ ಹತ್ತಿದವರು ಸುಮ್ಮನೆ ಕೂರುತ್ತಾರೆಯೇ? ಹಗಲಲ್ಲಿ ಯಾರ ಕಣ್ಣು ಮುಚ್ಚುತ್ತದೋ ಅವರೆಲ್ಲ ಭಂಗಿಕೋರರು ಅಂತ ಕಾನೂನು ಮಾಡಿದರಂತೆ. ಜಪಕ್ಕೆ ಕೂತ ಅಯ್ಯನವರಿಗೆ ಹನ್ನೆರಡು ಏಟು. ಬಾಣಂತನ ಮಾಡಿ ದಣಿದ ಮುದುಕಿಗೆ, ಹೆಂಗಸೆಂದು ಕರುಣೆ ತೋರಿ, ಆರೇ. ಊರಿನವರು ಕಣ್ಣು ಪಿಳುಕಿಸಲಿಕ್ಕೂ ಹೆದರಿದರಂತೆ.

ಕೊನೆಗೆ ಸಿಕ್ಕವನು ಸಾತವ್ವನ ಗಂಡ ಭರಮಪ್ಪ. ಇರುಳೆಲ್ಲ ಊರ ಹೊಲಗಳಿಗೆ ಹಂದಿ ಬೀಳದಂತೆ ಕಾದು ಹಗಲು ಮಲಗುವ ಮನುಷ್ಯ. ಗೊರಕೆ ಹೊಡೆಯುತ್ತಿದ್ದವನನ್ನು ಹೊತ್ತುಕೊಂಡು ಹೋಗಿ ಕಟ್ಟೆಯ ಕಂಬಕ್ಕೆ ಕಟ್ಟಿದರು. ಉಂಡಾದ ಮೇಲೆ ತಲೆ ಬೋಳಿಸಿ ಊರು ಬಿಡಿಸುವುದೆಂದು ತೀರ್ಮಾನವಾಯಿತು. ಸಾತವ್ವ ಕಾಲು ಹಿಡಿದರೆ, ನಿನ್ನ ತಮ್ಮನನ್ನು ನೆನೆಸಿಕೋ ಅಂದರಂತೆ. ಸತ್ತವನ ಹೆಸರು ಅವರ ಬಾಯಲ್ಲಿ ಕೇಳಿ ಅವಳು ಕಾಲು ಬಿಟ್ಟು ಎದ್ದಳು.

ಆ ಊರಲ್ಲೊಂದು ಪದ್ಧತಿ. ನ್ಯಾಯ ಹೇಳುವವರಿಗೆ ತಪ್ಪಿತಸ್ಥನ ಮನೆಯದೇ ಊಟ. ಸಾತವ್ವ ಕಣ್ಣೊರೆಸಿಕೊಂಡು ಒಲೆ ಹಚ್ಚಿದಳು. ಗಸಗಸೆ ಹುರಿದು, ಕೊಬ್ಬರಿ ಹಾಕಿ ನುಣ್ಣಗೆ ಅರೆದು, ಬೆಲ್ಲ ಹಾಲು ಬೆರೆಸಿ ಹಂಡೆ ತುಂಬ ಪಾಯಸ ಕಾಸಿದಳು. ಗರಡಿಯ ಆಳುಗಳು, ಕೇಳಬೇಕೆ? ಒಂದು ಬಟ್ಟಲು ಕುಡಿದರು, ಎರಡು ಕುಡಿದರು, ಏಳು ಕುಡಿದರು. ಮೊದಲ ಆಕಳಿಕೆ ಬಸಲಿಂಗನದೇ. ಸ್ವಲ್ಪ ಹೊತ್ತಿಗೆ ಏಳೂ ಜನ ಎಲೆಯ ಮುಂದೆಯೇ ಉರುಳಿದರಂತೆ.

ಸಾತವ್ವ ಗಂಡನ ಹಗ್ಗ ಬಿಚ್ಚಲಿಲ್ಲ. ಹೋಗಿ ಊರನ್ನು ಕರೆತಂದಳು. ಬಸಲಿಂಗ ಕಣ್ಣು ಬಿಟ್ಟಾಗ ಸುತ್ತಲೂ ಇಡೀ ಊರು ಕಣ್ಣರಳಿಸಿಕೊಂಡು ಕೂತಿತ್ತಂತೆ.

“ಇದು ಪಾಯಸದ ನಿದ್ದಿ, ತಂಗಿ,” ಅಂದ.

“ಅವಂದು ದುಡಿಮಿ ನಿದ್ದಿ, ಅಣ್ಣಾ. ನಿಮಗಾದ್ರ ಬಿಡಿಸಿ ಹೇಳಾಕ ಬರತೈತಿ. ಅವನ್ನ ಯಾರು ಕೇಳಿದ್ರಿ?” ಅಂದಳು ಸಾತವ್ವ.

ಊರಿನವರು ಅವರ ಬೆತ್ತಗಳನ್ನು ಇಸಕೊಂಡರು. ಬಸಲಿಂಗ ತಲೆ ತಗ್ಗಿಸಿ ತಾನೇ ಹೋಗಿ ಹಗ್ಗ ಬಿಚ್ಚಿದನಂತೆ. ಭರಮಪ್ಪನಿಗೆ ಅದೂ ತಿಳಿಯಲಿಲ್ಲ. ಕಂಬಕ್ಕೆ ಒರಗಿ ಇನ್ನೂ ನಿದ್ದೆಯಲ್ಲೇ ಇದ್ದನಂತೆ.

ಅವತ್ತು ಮಧ್ಯಾಹ್ನ ಊರಿಗೆ ಊರೇ ಬಾಗಿಲು ತೆರೆದಿಟ್ಟು ಮಲಗಿತಂತೆ. ಅವರು ಅಲ್ಲಿ ಮಲಗಿದರು, ನಾವು ಇಲ್ಲಿ ಎಚ್ಚರ ಕೂತು ಕತೆ ಕೇಳಿದೆವು.